ಚೋಮನ ದುಡಿ ಯಾರ ಕಿವಿಗೆ ಬಿತ್ತು?

ವಾಡಿ ಜಂಕ್ಷನ್ನಿನಾಗ ರೈಲು ಕೂಗಿದರೆ ಪ್ಲಾಟ್‌ಫಾರಂ ತುಂಬ ಜನ ಎದ್ದು ನಿಲ್ಲತಾರ. ಫರಸಿ ಖಣಿಯೊಳಗ ಕಲ್ಲು ಒಡೆಯುವವನ ಸುತ್ತಿಗೆ ಸಪ್ಪಳಕ್ಕ ಯಾರೂ ತಲೆ ಎತ್ತೂದಿಲ್ಲ. ಸಪ್ಪಳ ಕೇಳಿಸೂದು ಬೇರೆ, ಕಿವಿಗೊಡೂದು ಬೇರೆ. ಕಾದಂಬರಿಗಳನ್ನೂ ಈ ಒರೆಗೆ ಹಚ್ಚಿ ನೋಡಬೇಕು.

ವಿಕ್ಟೋರಿಯಾ ರಾಣಿಯ ಕಾಲದ ಡಿಕನ್ಸ್ 1854ರಲ್ಲಿ ‘ಹಾರ್ಡ್ ಟೈಮ್ಸ್’ ಬರೆದ. ಅದರಲ್ಲಿ ಗಿರಣಿ ಯಂತ್ರಗಳ ಗದ್ದಲ ಉಂಟು. ಮಗ್ಗದ ಕೂಲಿಗಾರ ಸ್ಟೀಫನ್ ಬ್ಲ್ಯಾಕ್‌ಪೂಲನ ಆಡುಮಾತೂ ಉಂಟು. ಆ ಮಾತನ್ನು ಮಾಲಕ ಬೌಂಡರ್ಬಿ ಮನೆಗೆ ಕರೆಸಿ ಕೇಳುತ್ತಾನೆ. ಕೇಳಿ, ಕೆಲಸದಿಂದ ತೆಗೆಯುತ್ತಾನೆ.

ನಮ್ಮಲ್ಲಿ ಶಿವರಾಮ ಕಾರಂತರ ‘ಚೋಮನ ದುಡಿ’ (1933). ಜೀತದ ಚೋಮನಿಗೆ ಎತ್ತು ಇದ್ದವು, ಉಳಲು ನೆಲ ಇರಲಿಲ್ಲ. ಧಣಿಯ ಮುಂದೆ ಹೇಳಲಾಗದ್ದನ್ನು ಗುಡಿಸಲಲ್ಲಿ ದುಡಿಯ ಮೇಲೆ ಬಡಿದ. ಮಗ ನೀಲ ಹೊಳೆಯಲ್ಲಿ ಮುಳುಗುವಾಗ ದಂಡೆಯ ಮೇಲೆ ಜನ ಇದ್ದರು. ಮುಟ್ಟಿದರೆ ಮೈಲಿಗೆ ಎಂದು ಯಾರೂ ಎತ್ತಲಿಲ್ಲ. ಕೊನೆಗೆ ಬಾಗಿಲು ಹಾಕಿಕೊಂಡು ದುಡಿ ಬಡಿಯುತ್ತಲೇ ಚೋಮ ಸತ್ತ.

ಕಾರಂತರ ಅನುಕಂಪ ಸುಳ್ಳಲ್ಲ. ಆದರೆ ಆ ದುಡಿಯ ಸದ್ದು ಓದುವವರ ಕಣ್ಣಲ್ಲಿ ನೀರಾಗಿ ನಿಂತುಬಿಟ್ಟಿತು. ದೇವನೂರ ಮಹಾದೇವರ ‘ಒಡಲಾಳ’ದ ಸಾಕವ್ವನ ಕೈಯಲ್ಲಿ ದುಡಿ ಇಲ್ಲ, ಬಾಯಿ ಉಂಟು. ಕಳೆದ ಹುಂಜಕ್ಕಾಗಿ ತನ್ನ ಕೇರಿಯ ಮಾತಿನಲ್ಲೇ ಜಗಳ ತೆಗೆಯುತ್ತಾಳೆ. ಅದು ತಿಳಿಯಬೇಕಾದರೆ ನಾವೇ ಬಗ್ಗಿ ಕಿವಿಗೊಡಬೇಕು.

ಮಾಸ್ತರರೇ, ನಿಮ್ಮ ಸಾಲಿಯ ಹಿಂದಿನ ಸಾಲಿನ ಹುಡುಗ ‘ಅದ’ ಅಂದಾಗ ‘ಇದೆ ಅನ್ನು’ ಅಂತ ತಿದ್ದೂ ಮೊದಲು, ಅವ ಏನು ಹೇಳಲಕತ್ತಾನ ಅಂತ ಒಮ್ಮೆ ಕೇಳ್ರಿ.