ನೂರು ಚಪ್ಪಾಳೆಯ ಬೀಜ

ಬಂದರಿಕೆ ಪೊದೆಯ ಬೀಜಕ್ಕೆ ಬಿಸಿನೀರಿನ ಉಪಚಾರ ಹೇಗೆಂದು ಈ ವಾರ ಬರೆಯುವುದಾಗಿ ಮಾತು ಕೊಟ್ಟಿದ್ದೆ. ಮೊದಲು ಅದನ್ನು ಮುಗಿಸಿಬಿಡೋಣ. ನೀರು ಕುದಿಸಿ, ಒಲೆಯಿಂದ ಇಳಿಸಿ, ಕುದಿ ಅಡಗಿದ ಮೇಲೆ ಸ್ಟೀಲ್ ಲೋಟದಲ್ಲಿಟ್ಟ ಬೀಜದ ಮೇಲೆ ಸುರಿದು ರಾತ್ರಿಯಿಡೀ ಬಿಡಿ. ಬೀಜ ಹಾಕಿ ನೀರು ಕುದಿಸಬೇಡಿ, ಅದು ಅಡುಗೆ. ತಂಗಡಿಗೂ ಇದೇ ಕ್ರಮ. ಬೆಳಿಗ್ಗೆ ಆ ಲೋಟವನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ. ನೀರು ಕುಡಿದ ಬೀಜ ಉಬ್ಬಿ, ಮೈಯೆಲ್ಲ ಲೋಳೆಯಾಗಿ, ಸದ್ದಿಲ್ಲದೆ ತಳದಲ್ಲಿ ಕೂತಿರುತ್ತದೆ. ಕುಡಿಯದ್ದು ಲೋಟಕ್ಕೆ ಬಡಿದು ಟಿಣ್ ಎನ್ನುತ್ತದೆ. ಆ ಟಿಣ್ ಎನ್ನುವವನ್ನು ಆರಿಸಿ, ಬೀಜದ ಕಣ್ಣಿನಿಂದ ದೂರದ ಅಂಚಿನಲ್ಲಿ ಉಗುರು ಕತ್ತರಿಯಿಂದ ಚೂರೇ ಚೂರು ಸಿಪ್ಪೆ ತೆಗೆದು ಮತ್ತೆ ನೆನೆಹಾಕಿ. ಸಂಜೆಯೊಳಗೆ ಅವೂ ಉಬ್ಬುತ್ತವೆ.

ಆದರೆ ಚಿತ್ರದುರ್ಗದ ಜೋಗಿಮಟ್ಟಿಯ ಗುಡ್ಡದಲ್ಲಿ ಬಿಸಿನೀರು ಕಾಯಿಸಿ ಕೊಡುವವರು ಯಾರು? ಬಿಸಿಲೇ. ಏಪ್ರಿಲ್ ಮಧ್ಯಾಹ್ನ ಬೋಳು ನೆಲದ ಮೇಲ್ಮೈ 50 ಡಿಗ್ರಿ ಸೆಲ್ಸಿಯಸ್ ದಾಟುತ್ತದೆ, ರಾತ್ರಿ ಮತ್ತೆ ತಣಿಯುತ್ತದೆ. ಹೀಗೆ ಕಾದು ತಣಿದು ವಾರಗಟ್ಟಲೆ ಕಳೆದರೆ ತಂಗಡಿಯಂಥ ಗಟ್ಟಿ ಬೀಜದ ಸಿಪ್ಪೆಯಲ್ಲಿರುವ ಒಂದು ಸಣ್ಣ ಬಿರಡೆ ಸಡಿಲವಾಗುತ್ತದೆ. ನೀರು ಒಳಗೆ ಹೋಗುವುದು ಆ ದಾರಿಯಿಂದ. ಅದೂ ಎಲ್ಲ ಬೀಜಕ್ಕೂ ಒಂದೇ ವರ್ಷ ಆಗುವುದಿಲ್ಲ. ಒಂದಷ್ಟು ಈ ವರ್ಷ, ಒಂದಷ್ಟು ಮುಂದಿನ ವರ್ಷ, ಉಳಿದವು ಇನ್ನೂ ಆಚೆಗೆ. ಭರಣಿ ಮಳೆ ಬಂದರೆ ಧರಣಿಯೆಲ್ಲ ಬೆಳೆ ಎಂದು ರೈತರು ನಂಬಬಹುದು, ಬಯಲುಸೀಮೆಯ ಪೊದೆ ನಂಬುವುದಿಲ್ಲ. ಭರಣಿಗೆ ನೆಲ ನೆನೆದು ಆಮೇಲೆ ತಿಂಗಳು ಒಣಗಿದ ವರ್ಷಗಳು ಚಿತ್ರದುರ್ಗದ ಕಡೆ ಎಷ್ಟು ಬೇಕಾದರೂ ಸಿಗುತ್ತವೆ. ಬಿದ್ದ ಬೀಜವೆಲ್ಲ ಆ ಮೊದಲ ಹದಕ್ಕೇ ಎದ್ದಿದ್ದರೆ ಬಂದರಿಕೆಯ ವಂಶ ಯಾವತ್ತೋ ಮುಗಿದಿರುತ್ತಿತ್ತು.

ಬೀಜದ ಈ ಲೆಕ್ಕಾಚಾರ ನೋಡದ ಬೀಜದುಂಡೆಯವರ ಮೇಲೆ ನನಗಿರುವ ಸಿಟ್ಟು ಈ ಅಂಕಣದ ಹಳೆಯ ಓದುಗರಿಗೆ ಹೊಸದಲ್ಲ. ಜಪಾನಿನ ಸಹಜ ಕೃಷಿಕ ಫುಕುವೋಕ ಭತ್ತ, ಬಾರ್ಲಿ ಬೀಜಗಳಿಗೆ ಜೇಡಿಮಣ್ಣು ಸುತ್ತಿದ್ದು ಹಕ್ಕಿ, ಇಲಿಗಳ ಬಾಯಿಂದ ಉಳಿಸಿಕೊಳ್ಳಲು. ಆ ಕೆಲಸಕ್ಕೆ ಅದು ಸರಿಯೇ. ನಮ್ಮವರು ಹುಣಸೆ, ಹೊಂಗೆ, ತಂಗಡಿ, ಕವಳಿ ಎಲ್ಲವನ್ನೂ ಒಂದೇ ಕೆಮ್ಮಣ್ಣಿನಲ್ಲಿ ಕಲಸಿ, ಉಂಡೆ ಕಟ್ಟಿ, ದಿನಗಟ್ಟಲೆ ಒಣಗಿಸಿ, ಜೂನ್ 5ರ ಪರಿಸರ ದಿನದಂದು ಬ್ಯಾನರ್ ಹಿಡಿದು ಗುಡ್ಡಕ್ಕೆ ಎಸೆಯುತ್ತಾರೆ. ಕವಳಿ ಬೀಜ ಉಂಡೆ ಒಣಗುವಷ್ಟರಲ್ಲೇ ಅರ್ಧ ಸತ್ತಿರುತ್ತದೆ. ತಂಗಡಿಯ ಸಿಪ್ಪೆಗೆ ಆ ವರ್ಷದ ಬೇಸಿಗೆ ತಾಗಿಯೇ ಇರುವುದಿಲ್ಲ. ಒಬ್ಬರು ಉತ್ಸಾಹಿಗಳು ನೆಕ್ಕರೆಯನ್ನೂ ಸೇರಿಸಿದ್ದರು. ಧೂಳಿನಷ್ಟು ಸಣ್ಣ ಬೀಜ ಅದು. ಬೆಳಕು ತಾಗದೆ ಮೊಳೆಯುವುದಿಲ್ಲ. ಕರಾವಳಿ, ಮಲೆನಾಡಿನಲ್ಲಿ ರಸ್ತೆಗೆಂದು ಧರೆ ಕಡಿದ ಮರುವರ್ಷವೇ ಆ ಹಸಿ ಮಣ್ಣಿನ ಮೇಲೆ ನೆಕ್ಕರೆ ಏಳುವುದು ಅದಕ್ಕೇ. ಅದನ್ನು ಮಣ್ಣುಂಡೆಯ ಕತ್ತಲಲ್ಲಿ ಕೂಡಿಹಾಕಿದರೆ ಏನಾದೀತು? ಇನ್ನು ಜೂನ್ 5 ಎಂದರೆ ರೋಹಿಣಿ ಮಳೆಯ ಕಾಲ. ಬಯಲುಸೀಮೆಯಲ್ಲಿ ಮಳೆ ಜೋರಾಗುವುದು ಸೆಪ್ಟೆಂಬರ್, ಅಕ್ಟೋಬರಿನಲ್ಲಿ. ಹೇಗೋ ಮೊಳೆತದ್ದು ಜುಲೈ ಗಾಳಿಗೆ ಉಂಡೆಯೊಳಗೇ ಸೀದುಹೋಗುತ್ತದೆ. ಇಷ್ಟಾದರೂ ಮುಂದಿನ ಜೂನಿಗೆ ಹೊಸ ಬ್ಯಾನರ್ ತಯಾರು.

ಬೀಜೋಪಚಾರದ ಮಾತು ಎತ್ತಿದ ಮೇಲೆ ವರಾಹಮಿಹಿರನನ್ನು ಬಿಟ್ಟು ಮುಂದೆ ಹೋಗಲು ನನ್ನಿಂದಾಗದು. ಆರನೆಯ ಶತಮಾನದ ಅವನ ಬೃಹತ್ಸಂಹಿತೆಯ ವೃಕ್ಷಾಯುರ್ವೇದ ಅಧ್ಯಾಯವನ್ನು ಎಷ್ಟು ಸಲ ಓದಿದರೂ ನನಗೆ ಸಾಲದು. (ನಮ್ಮ ಚಾವುಂಡರಾಯನ ಲೋಕೋಪಕಾರದಲ್ಲೂ ವೃಕ್ಷಾಯುರ್ವೇದವಿದೆ. ಅದಕ್ಕೆ ಬೇರೆಯದೇ ವಾರ ಬೇಕು.) ಸಾಮಾನ್ಯ ಬೀಜಕ್ಕೆ ವರಾಹಮಿಹಿರ ಹೇಳುವುದು ಹೀಗೆ: ಹತ್ತು ದಿನ ಹಾಲಿನಲ್ಲಿಡಬೇಕು, ದಿನವೂ ತುಪ್ಪ ಸವರಿದ ಕೈಯಿಂದ ಎತ್ತಬೇಕು, ಸಗಣಿಯಲ್ಲಿ ಮತ್ತೆ ಮತ್ತೆ ಹೊರಳಿಸಬೇಕು, ಹಂದಿ ಮತ್ತು ಜಿಂಕೆಯ ಮಾಂಸದ ಹೊಗೆ ಕೊಡಬೇಕು. ಹುಣಸೆಗೆ ಅಕ್ಕಿ, ಉದ್ದು, ಎಳ್ಳಿನ ಹಿಟ್ಟು, ಹಳಸಿದ ಮಾಂಸ, ಮೇಲೆ ಅರಿಸಿನದ ಧೂಪ. ಬೇಲದ ಬೀಜದ ವಿಧಿ ನನಗೆ ಎಲ್ಲಕ್ಕಿಂತ ಇಷ್ಟ. ನೆಲ್ಲಿ ಮೊದಲಾದ ಹಲವು ಗಿಡಬಳ್ಳಿಗಳ ಬೇರು ಹಾಕಿ ಕಾಯಿಸಿದ ಹಾಲನ್ನು ಚೆನ್ನಾಗಿ ಆರಿಸಿ, ಅದರಲ್ಲಿ ಬೀಜವನ್ನು ನೂರು ಚಪ್ಪಾಳೆ ತಟ್ಟುವಷ್ಟು ಹೊತ್ತು ಇಟ್ಟು, ತೆಗೆದು ಬಿಸಿಲಿಗೆ ಒಣಗಿಸಬೇಕು. ಹೀಗೆ ದಿನವೂ, ಒಂದು ತಿಂಗಳು. ಆಮೇಲೆ ಬಿತ್ತನೆ.

ಇದರಲ್ಲಿ ಹೊಗೆಯ ಪ್ರಸ್ತಾಪ ಕಂಡವರು ‘ನಮ್ಮವರಿಗೆ ಎಲ್ಲ ಮೊದಲೇ ಗೊತ್ತಿತ್ತು’ ಎಂದು ಕುಣಿಯುತ್ತಾರೆ. ಹೊಗೆ ತಾಗಿದರೆ ಬೀಜ ಮೊಳೆಯುತ್ತದೆಂದು ದಕ್ಷಿಣ ಆಫ್ರಿಕಾದ ಕುರುಚಲು ಗಿಡವೊಂದರಲ್ಲಿ 1990ರಲ್ಲಿ ತೋರಿಸಿಕೊಟ್ಟದ್ದು ನಿಜ. 2004ರಲ್ಲಿ ಆಸ್ಟ್ರೇಲಿಯಾದ ವಿಜ್ಞಾನಿಗಳು ಆ ಹೊಗೆಯೊಳಗಿನ ರಾಸಾಯನಿಕವನ್ನೂ ಹಿಡಿದರು. ಆದರೆ ಅದು ಹುಲ್ಲು, ಸೊಪ್ಪು ಉರಿದ ಹೊಗೆ. ಹಂದಿಮಾಂಸದ್ದಲ್ಲ. ಹೊಗೆಯನ್ನು ಪಕ್ಕಕ್ಕಿಟ್ಟು ಆ ನೂರು ಚಪ್ಪಾಳೆಯನ್ನು ನೋಡಿ. ನೂರು ಚಪ್ಪಾಳೆ ಎಂದರೆ ಒಂದೆರಡು ನಿಮಿಷ. ತೇವ ತಾಗಿತು ಅನ್ನುವಷ್ಟರಲ್ಲಿ ಮತ್ತೆ ಬಿಸಿಲು, ಮರುದಿನ ಮತ್ತೆ ತೇವ. ಭರಣಿಯಿಂದ ಮೃಗಶಿರದವರೆಗೆ ಬಯಲುಸೀಮೆಯ ಆಕಾಶ ಮಾಡುವುದೂ ಇದನ್ನೇ: ಒಂದು ಹನಿಮಳೆ, ನಾಲ್ಕು ದಿನ ಬಿಸಿಲು, ಮತ್ತೊಂದು ಹನಿಮಳೆ. ಇಂದು ಕೃಷಿ ವಿಜ್ಞಾನಿಗಳೂ ಬಿತ್ತನೆಗೆ ಮುಂಚೆ ಬೀಜವನ್ನು ನೆನೆಸಿ ಒಣಗಿಸಿ ಹದ ಮಾಡುತ್ತಾರೆ. ಬೇರು, ಹಾಲುಗಳ ಗುಣವೇನೋ, ಅದನ್ನು ಬಲ್ಲವರಿಗೆ ಬಿಡುತ್ತೇನೆ. ಗಡಿಯಾರವಿಲ್ಲದ ಕಾಲದಲ್ಲಿ ಅಂಗೈಯಿಂದ ಹೊತ್ತು ಅಳೆದು, ತಿಂಗಳಿಡೀ ಬೀಜದ ಮುಂದೆ ಕೂತವನ ತಾಳ್ಮೆಗೆ ನನ್ನ ನಮಸ್ಕಾರ.

ಇನ್ನು ಕವಳಿ. ಹಣ್ಣು ಈಗ ಕೆಂಪು ಕಳೆದು ಕಪ್ಪಾಗುತ್ತಿದೆ. ಇದಕ್ಕೆ ಬಿಸಿನೀರೂ ಬೇಡ, ಚಪ್ಪಾಳೆಯೂ ಬೇಡ, ಡಬ್ಬಿಯಲ್ಲಿ ಎತ್ತಿಡುವುದಂತೂ ಬೇಡವೇ ಬೇಡ. ತಿಂದು, ಬೀಜಕ್ಕೆ ಅಂಟಿದ ತಿರುಳು ತೊಳೆದು, ಆ ವಾರದಲ್ಲೇ ಮರಳುಮಣ್ಣಿನಲ್ಲಿ ತೆಳ್ಳಗೆ ಮುಚ್ಚಿಬಿಡಿ. ಹಣ್ಣು ಹೆಚ್ಚು ಸಿಕ್ಕಿದರೆ ಉಪ್ಪಿನಕಾಯಿಗೆ ಕಾಯಿ ಬೇರೆ ತೆಗೆದಿಡಿ. ಹಣ್ಣಾದದ್ದು ಅದಕ್ಕೆ ಬಾರದು.