ಹೂಳಿನ ಅಳತೆ: ಉಪಗ್ರಹ ಚಿತ್ರ ಮತ್ತು ಮೌಖಿಕ ಸಾಕ್ಷ್ಯ

1953ರಲ್ಲಿ ತುಂಗಭದ್ರಾ ಜಲಾಶಯದ ಸಾಮರ್ಥ್ಯ ಸುಮಾರು 133 ಟಿಎಂಸಿ ಇದ್ದಿತು. ಇಂದಿನ ಅಧಿಕೃತ ಲೆಕ್ಕ 105.788. ನಡುವಣ ಅಂತರ ಹೂಳಿನದು. ಗಂಗಾವತಿಯ ಎರಡನೆಯ ಭತ್ತದ ಬೆಳೆ ಈ ಅಂಕಿಯನ್ನು ಅವಲಂಬಿಸಿರುವುದರಿಂದ ಅಳೆಯುವ ವಿಧಾನದ ವಿಮರ್ಶೆ ಅಗತ್ಯವಾಗಿದೆ. ಉಪಗ್ರಹವು ಹೂಳನ್ನು ಕಾಣುವುದಿಲ್ಲ. ಬೇರೆ ಬೇರೆ ಮಟ್ಟಗಳಲ್ಲಿ ನೀರಿನ ಹರವನ್ನಷ್ಟೇ ಕಾಣುತ್ತದೆ. ಅದೇ ಮಟ್ಟದಲ್ಲಿ ಹರವು ಹಿಂದಿಗಿಂತ ಕುಗ್ಗಿದ್ದರೆ ಅಷ್ಟು ಹೂಳು ತುಂಬಿದೆಯೆಂದು ಗಣಿಸಲಾಗುತ್ತದೆ. ಬೇಸಿಗೆಯಲ್ಲಿಯೂ ನೀರು ಇಳಿಯದ ತಳಭಾಗ ಚಿತ್ರಕ್ಕೆ ದಕ್ಕದು. ಅಲ್ಲಿ ದೋಣಿಯಿಂದಲೇ ಆಳ ನೋಡಬೇಕು. ಹಾಗೆಂದು ಕೊಪ್ಪಳ ಸೀಮೆಯ ಹಿನ್ನೀರಿನ ಮೀನುಗಾರರ ನೆನಪೇ ಸಾಕೆನ್ನುವ ನಮ್ಮ ಜಾನಪದ ವಿದ್ವಾಂಸರ ವಾದವೂ ಅತಿಯಾಯಿತು. ನೆನಪು ಟಿಎಂಸಿ ಎಣಿಸದು. ಆದರೆ ದೋಣಿ ಮೊದಲು ಎಲ್ಲಿ ತಳ ತಾಗಿತು, ಬಲೆಗೆ ಬಂದುದು ಎರೆಮಣ್ಣೋ ಮರಳೋ ಎಂಬ ಅವರ ವಿವರಗಳನ್ನು ಕಲೆಹಾಕಿದಲ್ಲಿ, ಆಳ ನೋಡುವ ದೋಣಿ ಎಲ್ಲಿಂದ ಹೊರಡಬೇಕೆಂಬುದು ತಿಳಿದೀತು.