ಬಾಯಿಬಿಡದ ಪಾತ್ರಗಳ ಸಹವಾಸ

ಹೆಮಿಂಗ್ವೇಯ ‘ಹಿಲ್ಸ್ ಲೈಕ್ ವೈಟ್ ಎಲಿಫೆಂಟ್ಸ್’ ಕಥೆಯನ್ನು ಮೊದಲ ಸಲ ಓದಿದವರು ಸಾಮಾನ್ಯವಾಗಿ ಕೇಳುವುದು ಒಂದೇ ಪ್ರಶ್ನೆ: ಇದರಲ್ಲಿ ಆಗಿದ್ದಾದರೂ ಏನು? ಸ್ಪೇನಿನ ಎಬ್ರೋ ಕಣಿವೆಯಲ್ಲೊಂದು ರೈಲು ನಿಲ್ದಾಣ. ಒಬ್ಬ ಅಮೆರಿಕನ್, ಜೊತೆಗೊಬ್ಬಳು ಹುಡುಗಿ. ಬಾರ್ಸಿಲೋನಾದಿಂದ ಬರುವ ಎಕ್ಸ್‌ಪ್ರೆಸ್‌ಗೆ ಇನ್ನೂ ನಲವತ್ತು ನಿಮಿಷವಿದೆ. ಇಬ್ಬರೂ ಬಿಯರ್ ಕುಡಿಯುತ್ತಾರೆ, ದೂರದ ಬೆಟ್ಟಗಳ ಬಗ್ಗೆ ಮಾತಾಡುತ್ತಾರೆ, ಯಾವುದೋ ಸಣ್ಣ ಆಪರೇಷನ್ ಬಗ್ಗೆ ಮಾತಾಡುತ್ತಾರೆ. ಅಲ್ಲಿಗೆ ಕಥೆ ಮುಗಿಯಿತು. ಮೊದಲ ಸಲ ಓದಿದಾಗ, ಎಲ್ಲೋ ಒಂದು ಹಾಳೆ ಹರಿದುಹೋಗಿದೆಯೇನೋ ಎಂದು ನಾನು ಪುಟಗಳನ್ನು ಹಿಂದೆ ಮುಂದೆ ತಿರುವಿದ್ದೆ.

ಆ ಆಪರೇಷನ್ ಗರ್ಭಪಾತ. ಆ ಪದ ಮಾತ್ರ ಕಥೆಯಲ್ಲಿ ಎಲ್ಲೂ ಬರುವುದಿಲ್ಲ.

ನಮ್ಮ ಕಷ್ಟ ಶುರುವಾಗುವುದು ಶಾಲೆಯಿಂದಲೇ. ‘ಈ ಪಾತ್ರದ ಗುಣಸ್ವಭಾವಗಳನ್ನು ವಿವರಿಸಿ’ ಎಂಬ ಪ್ರಶ್ನೆಗೆ ಉತ್ತರ ಬರೆದು ಬರೆದು, ಪಾತ್ರವೆಂದರೆ ಗುಣಗಳ ಪಟ್ಟಿ, ಆಶಯವೆಂದರೆ ಕಥೆಯ ಬಾಲಕ್ಕೆ ಕಟ್ಟಿದ ನೀತಿ ಎಂದು ನಂಬಿಬಿಟ್ಟಿದ್ದೇವೆ. ಅಮೆರಿಕದ ವಾಸ್ತವವಾದಿಗಳ ಬಳಿಗೂ ಅವರ ಬೆನ್ನಿಗೆ ಬಂದ ನವ್ಯರ ಬಳಿಗೂ ಈ ಪಟ್ಟಿ ಹಿಡಿದು ಹೋದವರು ಬರಿಗೈಯಲ್ಲಿ ವಾಪಸಾಗುತ್ತಾರೆ. ಅಲ್ಲಿ ಕೇಳಬೇಕಾದ ಪ್ರಶ್ನೆ ‘ಇವನು ಎಂಥವನು’ ಎಂಬುದಲ್ಲ. ‘ಬಾಯಲ್ಲಿ ಇದನ್ನು ಹೇಳುತ್ತಿರುವಾಗ ಇವನ ಕೈ ಏನು ಮಾಡುತ್ತಿದೆ’ ಎಂಬುದು.

ಮಾರ್ಕ್ ಟ್ವೇನ್‌ನ ಹಕಲ್‌ಬೆರಿ ಫಿನ್‌ನನ್ನೇ ನೋಡಿ. ಕಾದಂಬರಿ ಅಮೆರಿಕದಲ್ಲಿ ಪ್ರಕಟವಾಗಿದ್ದು 1885ರಲ್ಲಿ, ಅಂತರ್ಯುದ್ಧ ಮುಗಿದು ಇಪ್ಪತ್ತು ವರ್ಷಕ್ಕೆ. ಓಡಿಬಂದ ಗುಲಾಮ ಜಿಮ್‌ನನ್ನು ಹಿಡಿದುಕೊಡದಿರುವುದು ಪಾಪ ಎಂದು ಆ ಹುಡುಗ ಮನಸಾರೆ ನಂಬಿದ್ದಾನೆ. ಊರು, ಚರ್ಚು ಅವನಿಗೆ ಕಲಿಸಿದ್ದೇ ಅಷ್ಟು. ಜಿಮ್‌ನ ಒಡತಿಗೆ ಕಾಗದ ಬರೆಯುತ್ತಾನೆ. ಆಮೇಲೆ ನದಿಯ ಮೇಲೆ ಒಟ್ಟಿಗೆ ಕಳೆದ ದಿನಗಳು ನೆನಪಾಗಿ, ನರಕಕ್ಕೆ ಹೋದರೂ ಸರಿ ಎಂದುಕೊಂಡು ಅದನ್ನು ಹರಿದುಹಾಕುತ್ತಾನೆ. ತಾನು ಒಳ್ಳೆಯದನ್ನು ಮಾಡಿದೆ ಎಂದು ಅವನಿಗೆ ಕೊನೆಯವರೆಗೂ ಗೊತ್ತಾಗುವುದಿಲ್ಲ. ಟ್ವೇನ್ ಕೂಡ ಎಲ್ಲೂ ನಿಂತು ಹೇಳುವುದಿಲ್ಲ. ಹುಡುಗನಿಗೆ ಗೊತ್ತಿರುವುದಕ್ಕೂ ನಮಗೆ ಕಾಣುವುದಕ್ಕೂ ನಡುವಿನ ಆ ಅಂತರದಲ್ಲೇ ಕಾದಂಬರಿಯ ಆಶಯವಿದೆ.

ಡ್ರೈಸರ್‌ನ ‘ಸಿಸ್ಟರ್ ಕ್ಯಾರಿ’ (1900) ಇನ್ನೊಂದು ಹೆಜ್ಜೆ ಮುಂದೆ ಹೋಗುತ್ತದೆ. ಷಿಕಾಗೋದ ಒಂದು ದೊಡ್ಡ ಮದ್ಯದಂಗಡಿಯ ಮ್ಯಾನೇಜರ್ ಹರ್ಸ್ಟ್‌ವುಡ್. ಒಂದು ರಾತ್ರಿ ನೋಡುತ್ತಾನೆ, ತಿಜೋರಿಗೆ ಬೀಗ ಬಿದ್ದಿಲ್ಲ. ಹಣ ತೆಗೆಯುತ್ತಾನೆ, ಮರಳಿ ಇಡುತ್ತಾನೆ, ಮತ್ತೆ ತೆಗೆಯುತ್ತಾನೆ. ಹಣ ಕೈಯಲ್ಲಿರುವಾಗಲೇ ಕ್ಲಿಕ್ ಎಂದು ಬಾಗಿಲು ಹಾಕಿಕೊಳ್ಳುತ್ತದೆ. ಕಳ್ಳತನ ಅವನು ಮಾಡಿದ್ದೋ, ಅವನ ಕೈಯಲ್ಲಿ ಆಗಿಹೋದದ್ದೋ? ‘ದುರಾಸೆಯವನು’ ಎಂದು ಷರಾ ಬರೆದರೆ ಆ ಕ್ಲಿಕ್ ಸದ್ದು ಕಿವಿಗೆ ಬೀಳುವುದೇ ಇಲ್ಲ. ಡ್ರೈಸರ್‌ನ ವಾಕ್ಯಗಳು ಒರಟು, ಕೆಲವೆಡೆ ಉಪದೇಶ ಬೇಸರ ಹಿಡಿಸುತ್ತದೆ. ಆದರೂ ಆ ತಿಜೋರಿಯ ಪುಟಗಳಿಗಾಗಿ ಅವನಿಗೆ ಎಲ್ಲವನ್ನೂ ಮಾಫಿ ಮಾಡಬಹುದು.

ಈಗ ಆ ರೈಲು ನಿಲ್ದಾಣಕ್ಕೆ ವಾಪಸ್ ಬನ್ನಿ. 1927ರ ಕಥೆ, ನಾಲ್ಕೈದು ಪುಟ. ನಿಲ್ದಾಣ ಎರಡು ಹಳಿಗಳ ನಡುವೆ ಇದೆ. ಒಂದು ಕಡೆ ನೆರಳಿಲ್ಲ, ಮರವಿಲ್ಲ. ಇನ್ನೊಂದು ಕಡೆ ಪೈರಿನ ಹೊಲ, ಹೊಳೆಯ ದಂಡೆಗುಂಟ ಮರಗಳು. ಹುಡುಗಿ ಎದ್ದು ಹೋಗಿ ಯಾವ ಕಡೆ ನೋಡುತ್ತಾಳೆ ಎಂಬುದನ್ನು ಗುರುತು ಹಾಕಿಕೊಳ್ಳಿ. ಬಾಗಿಲಿಗೆ ಮಣಿಸರದ ಪರದೆ ಇದೆ, ಅದರ ಮೇಲೊಂದು ಮದ್ಯದ ಜಾಹೀರಾತು. ಅವಳಿಗೆ ಸ್ಪ್ಯಾನಿಷ್ ಬರುವುದಿಲ್ಲ, ಅವನೇ ಓದಿ ಹೇಳಬೇಕು, ಕುಡಿಯಲು ಏನಾದರೂ ಬೇಕೆಂದರೂ ಅವನೇ ಕೇಳಬೇಕು. ಅವಳು ಅವನ ಮೇಲೆ ಎಷ್ಟು ಆತುಕೊಂಡಿದ್ದಾಳೆ ಎಂಬುದನ್ನು ಲೇಖಕ ಹೇಳಿದ್ದು ಇಷ್ಟರಲ್ಲೇ. ನಮ್ಮನ್ನು ಕಾಡುತ್ತಿರುವುದು ಇದೊಂದೇ ಎಂದು ಅವನು ಹೇಳಿದಾಗ ಅವಳು ಕೈ ಚಾಚಿ ಪರದೆಯ ಎರಡು ಎಳೆಗಳನ್ನು ಹಿಡಿದುಕೊಳ್ಳುತ್ತಾಳೆ. ‘ಅವಳಿಗೆ ಸಂಕಟವಾಯಿತು’ ಎಂಬ ವಾಕ್ಯ ಇಲ್ಲ. ಆ ಜಾಗದಲ್ಲಿ ಎರಡು ಎಳೆ ಮಣಿಗಳಿವೆ.

ಅವನ ಮಾತನ್ನೂ ಕಿವಿಗೊಟ್ಟು ಕೇಳಿ. ನಿನಗೆ ಬೇಡವಾದರೆ ಬೇಡ ಎಂದು ಪದೇ ಪದೇ ಹೇಳುತ್ತಾನೆ, ತುಂಬ ಸುಲಭ ಎಂದೂ ಪದೇ ಪದೇ ಹೇಳುತ್ತಾನೆ. ಒಮ್ಮೆ ಹೇಳಿದ್ದರೆ ಸೌಜನ್ಯ, ಇಷ್ಟು ಸಲ ಹೇಳಿದರೆ ಒತ್ತಡ. ಕೊನೆಗೆ ಅವಳು ‘ದಯವಿಟ್ಟು’ ಎಂಬ ಒಂದೇ ಪದವನ್ನು ಒಂದೇ ಉಸಿರಿನಲ್ಲಿ ಏಳು ಸಲ ಹೇಳಿ, ಬಾಯಿ ಮುಚ್ಚು ಎಂದು ಬೇಡಿಕೊಳ್ಳುತ್ತಾಳೆ. ಅವಳು ಕಡೆಗೆ ಏನು ತೀರ್ಮಾನಿಸಿದಳು ಎಂಬುದರ ಬಗ್ಗೆ ವಿಮರ್ಶಕರಲ್ಲಿ ಇಂದಿಗೂ ಒಮ್ಮತವಿಲ್ಲ. ನಿಮಗೆ ಒಂದು ಅಭಿಪ್ರಾಯ ಇರಲಿ, ಆದರೆ ಅದಕ್ಕೆ ಸಾಕ್ಷಿಯಾಗಿ ಕಥೆಯೊಳಗಿನ ಒಂದು ಸಣ್ಣ ಚಲನೆಯನ್ನಾದರೂ ತೋರಿಸಿ.

ನೀರ್ಗಲ್ಲಿನ ಎಂಟನೆಯ ಒಂದು ಭಾಗ ಮಾತ್ರ ಮೇಲೆ ಕಾಣುತ್ತದೆ, ಅದರ ಗಾಂಭೀರ್ಯಕ್ಕೆ ಕಾರಣ ಮುಳುಗಿರುವ ಉಳಿದ ಭಾಗ ಎಂದು ಹೆಮಿಂಗ್ವೇ 1932ರಲ್ಲಿ ಬರೆದ. ಆನಂದವರ್ಧನನ ಧ್ವನಿಯ ಮಾತು ಕೇಳಿ ಬೆಳೆದವರಿಗೆ ಇದು ತೀರ ಹೊಸದೇನಲ್ಲ. ಒಂದು ವ್ಯತ್ಯಾಸವಿದೆ. ಧ್ವನಿಯನ್ನು ನಾವು ಕಾವ್ಯದ ಚೆಲುವಿನಲ್ಲಿ ಹುಡುಕುವುದನ್ನು ಕಲಿತವರು. ಇವನು ಅದನ್ನು ಬಿಯರ್ ಗ್ಲಾಸಿನ ಕೆಳಗಿನ ಅಟ್ಟೆಯಲ್ಲಿ, ಲಗೇಜಿನ ಮೇಲೆ ಅಂಟಿಸಿದ ಹೋಟೆಲ್ ಚೀಟಿಗಳಲ್ಲಿ ಬಚ್ಚಿಟ್ಟಿದ್ದಾನೆ.

ಆದರೆ ವಸ್ತು ಕಂಡಲ್ಲೆಲ್ಲ ‘ಸಂಕೇತ, ಸಂಕೇತ’ ಎಂದು ಬೇಟೆಗೆ ಹೊರಡಬೇಡಿ. ಫಿಟ್ಜೆರಾಲ್ಡ್‌ನ ‘ದಿ ಗ್ರೇಟ್ ಗ್ಯಾಟ್ಸ್‌ಬಿ’ (1925) ಓದಿದವರೆಲ್ಲ ಕೊಲ್ಲಿಯ ಆಚೆಯ ಹಸಿರು ದೀಪದ ಬಗ್ಗೆ ಮಾತಾಡುತ್ತಾರೆ. ಮಾತಾಡಿ ಮಾತಾಡಿ ಅದರ ಬಣ್ಣ ಮಾಸಿದೆ. ನನಗೆ ಅದಕ್ಕಿಂತ ದೊಡ್ಡದಾಗಿ ಕಾಣುವುದು ಗ್ಯಾಟ್ಸ್‌ಬಿ ಸತ್ತ ಮೇಲೆ ಅವನ ಅಪ್ಪ ಜೇಬಿನಿಂದ ತೆಗೆದು ತೋರಿಸುವ ಹಳೆಯ ಪುಸ್ತಕ. ಅದರ ಕೊನೆಯ ಹಾಳೆಯಲ್ಲಿ 1906ರ ತಾರೀಕು ಹಾಕಿ ಹುಡುಗ ದಿನಚರಿ ಬರೆದುಕೊಂಡಿದ್ದಾನೆ: ಎಷ್ಟು ಗಂಟೆಗೆ ಏಳಬೇಕು, ಯಾವಾಗ ವ್ಯಾಯಾಮ, ಯಾವಾಗ ಓದು, ಎಷ್ಟು ಉಳಿತಾಯ. ಬೆಂಜಮಿನ್ ಫ್ರಾಂಕ್ಲಿನ್ ಆತ್ಮಕಥೆಯ ವೇಳಾಪಟ್ಟಿ ಗೊತ್ತಿದ್ದವರಿಗೆ ಇದು ಥಟ್ಟನೆ ಹೊಳೆಯುತ್ತದೆ. ದುಡಿದರೆ ಮೇಲೆ ಬರಬಹುದು ಎಂಬ ಆ ದೇಶದ ನಂಬಿಕೆಯೇ ಆ ಹಾಳೆ. ಅದನ್ನು ಹೆಮ್ಮೆಯಿಂದ ಹಿಡಿದು ನಿಂತ ಮುದುಕ, ಒಳಗೆ ಮಗನ ಹೆಣ. ಇದಕ್ಕೆ ವಿವರಣೆ ಬೇಕಿಲ್ಲ.

ಅದೇ ಕಾದಂಬರಿಯಲ್ಲಿ ಕಥೆ ಹೇಳುವ ನಿಕ್‌ನ ಮೇಲೂ ಒಂದು ಕಣ್ಣಿರಲಿ. ತಾನು ಯಾರ ಬಗ್ಗೆಯೂ ತೀರ್ಪು ಕೊಡಲು ಮುಂದಾಗುವವನಲ್ಲ ಎಂದು ಆರಂಭದಲ್ಲೇ ಹೇಳಿಕೊಂಡು, ಮುಂದೆ ಬಂದವರಿಗೆಲ್ಲ ತೀರ್ಪು ಕೊಡುತ್ತಾ ಹೋಗುತ್ತಾನೆ. ಹೇಳುವವನನ್ನು ನಂಬಬೇಕೋ ಬೇಡವೋ ಎಂಬ ಈ ಗುಮಾನಿಯನ್ನು ಕಥೆಯ ಜೀವಾಳವನ್ನಾಗಿ ಮಾಡಿಕೊಂಡದ್ದು ನವ್ಯರು.

ಫಾಕ್ನರ್ ಇದರಲ್ಲಿ ಎಲ್ಲರಿಗಿಂತ ಪಾಕಡಾ. ‘ಎ ರೋಸ್ ಫಾರ್ ಎಮಿಲಿ’ (1930) ಕಥೆಯನ್ನು ಹೇಳುವುದು ‘ನಾನು’ ಅಲ್ಲ, ‘ನಾವು’. ಜೆಫರ್ಸನ್ ಎಂಬ ಕಲ್ಪಿತ ಊರಿಗೆ ಊರೇ ಒಬ್ಬ ಒಂಟಿ ಹೆಂಗಸಿನ ಮನೆಯ ಕಿಟಕಿಯತ್ತ ಕತ್ತು ಚಾಚಿದೆ. ಅವಳಿಗೆ ತೆರಿಗೆ ಮಾಫಿ ಮಾಡಿದ್ದೂ ಅದೇ ಊರು, ಬೆನ್ನ ಹಿಂದೆ ಆಡಿಕೊಂಡದ್ದೂ ಅದೇ ಊರು. ಕಾಲ ಹಿಂದುಮುಂದಾಗಿದೆ: ಕಥೆ ಅವಳ ಸಾವಿನಿಂದ ಶುರುವಾಗಿ ಹಿಂದಕ್ಕೂ ಮುಂದಕ್ಕೂ ಜಿಗಿಯುತ್ತದೆ. ಕೊನೆ ಏನೆಂದು ನಾನು ಹೇಳುವುದಿಲ್ಲ. ಓದಿ ಬೆಚ್ಚಿಬಿದ್ದ ಮೇಲೆ ಮೊದಲಿನಿಂದ ಇನ್ನೊಮ್ಮೆ ಓದಿ, ಪ್ರತಿ ‘ನಾವು’ ಕೆಳಗೂ ಪೆನ್ಸಿಲ್ ಗೆರೆ ಎಳೆಯಿರಿ. ಮೊದಲ ಓದಿನಲ್ಲಿ ಕಥೆ ಎಮಿಲಿಯದು, ಎರಡನೆಯ ಓದಿನಲ್ಲಿ ಅದು ಊರಿನದು.

ಇವೆರಡು ಸಣ್ಣ ಕಥೆಗಳಿಂದ ಶುರುಮಾಡಿ, ಗ್ಯಾಟ್ಸ್‌ಬಿ ಆಮೇಲೆ. ಹದಿನೈದು ಜನ ಐವತ್ತೊಂಬತ್ತು ಅಧ್ಯಾಯಗಳಲ್ಲಿ ಒಂದು ಶವದ ಪಯಣವನ್ನು ಹೇಳುವ ಫಾಕ್ನರ್‌ನ ‘ಆ್ಯಸ್ ಐ ಲೇ ಡೈಯಿಂಗ್’ ಅದರ ನಂತರ. ‘ದಿ ಸೌಂಡ್ ಅಂಡ್ ದಿ ಫ್ಯೂರಿ’ಗೆ ಮಾತ್ರ ಈಗಲೇ ಕೈ ಹಾಕಬೇಡಿ. ನಾನು ಹಾಕಿ, ಮೂವತ್ತನೆಯ ಪುಟಕ್ಕೆ ಮುಚ್ಚಿಟ್ಟು, ನಾಲ್ಕು ವರ್ಷ ಬಿಟ್ಟು ಮತ್ತೆ ತೆಗೆದೆ.